ಕಾಲು ಕಾಣುವ ಪರದೆ: ಬಳ್ಳಾರಿಯ ಪುಟ್ಟ ಥಿಯೇಟರೊಂದರಲ್ಲಿ ಮೂರು ಭಾನುವಾರ

ಬಳ್ಳಾರಿಯ ರಾಯಲ್ ವೃತ್ತದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಅಂಗಡಿ ಸಾಲಿನ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹತ್ತು ಆಸನಗಳ ಪುಟ್ಟ ಥಿಯೇಟರ್ ಒಂದಿದೆ. ಜನ ಅದನ್ನು ಹೆಚ್ಚಾಗಿ ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಕಾಯ್ದಿರಿಸುತ್ತಾರೆ. ಹಾಗಾಗಿ ಗೋಡೆಗಳ ತುಂಬ ಬಣ್ಣದ ದೀಪದ ಪಟ್ಟಿಗಳಿವೆ, ಮೂಲೆಯಲ್ಲಿ ಬಲೂನುಗಳ ಕಮಾನು ಇದೆ. ನಾವು ಆರು ಮಂದಿ ಗೆಳೆಯರು ಅಲ್ಲಿಗೆ ಹೋದದ್ದು ಹೊಡೆದಾಟ ನೋಡುವುದಕ್ಕೆ. ಮೂರು ಭಾನುವಾರ ಹೋದೆವು; ಪ್ರತಿ ಸಲ ಮೂರು ಗಂಟೆಗೆ 1,500 ರೂಪಾಯಿ ಕೊಟ್ಟೆವು, ಅಂದರೆ ತಲೆಗೆ 250. ಮೊದಲ ವಾರ ಹಾಂಗ್‌ಕಾಂಗಿನ ಹಳೆಯ ಕುಂಗ್‌ಫು ಚಿತ್ರ, ಎರಡನೆಯ ವಾರ ಇಂಡೋನೇಷ್ಯಾದ ಆ್ಯಕ್ಷನ್ ಚಿತ್ರ, ಮೂರನೆಯ ವಾರ ಪೂರ್ತಿ ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಚಿತ್ರಗಳು. ಈ ಬಗೆಯ ಚಿತ್ರಗಳನ್ನು ಪ್ರೀತಿಸುವವರಿಗೆ ಆ ಜಾಗ ಎಷ್ಟರಮಟ್ಟಿಗೆ ಒದಗಿ ಬರುತ್ತದೆ ಎನ್ನುವುದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಯಾವುದು ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಹುಡುಗನಾಗಿದ್ದಾಗ ನಾಲ್ಕು ವರ್ಷ ನಮ್ಮ ಓಣಿಯ ಗರಡಿಗೆ ಹೋಗಿದ್ದೆ. ಅಲ್ಲಿಯ ಉಸ್ತಾದರು ಜೋಡಿ ಬಿಟ್ಟಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: ಎದುರಾಳಿಯ ಕಣ್ಣು ನೋಡಬೇಡ, ಕೈ ನೋಡಬೇಡ, ಸೊಂಟವನ್ನೂ ಕಾಲನ್ನೂ ನೋಡು, ಮೋಸ ಮಾಡುವುದು ಕೈ, ನಿಜ ಹೇಳುವುದು ಕಾಲು. ಆ ಮಾತು ನನ್ನನ್ನು ಸಿನಿಮಾ ನೋಡುವಾಗಲೂ ಬಿಟ್ಟಿಲ್ಲ. ಹೊಡೆತ ಹುಟ್ಟುವುದು ನೆಲದಿಂದ. ಹಿಮ್ಮಡಿ ತಿರುಗಿ, ಸೊಂಟ ತಿರುಗಿ, ಭುಜಕ್ಕೆ ಬಂದು, ಕೊನೆಗೆ ಮುಷ್ಟಿಯಲ್ಲಿ ಮುಗಿಯುತ್ತದೆ. ಮುಷ್ಟಿಯನ್ನು ಮಾತ್ರ ತೋರಿಸುವ ಚಿತ್ರ ಪೆಟ್ಟಿನ ಕೊನೆಯನ್ನಷ್ಟೇ ತೋರಿಸಿದಂತೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಟ್ಟಿಗಳನ್ನು ಕಡೆದ ಶಿಲ್ಪಿಗೂ ಇದು ಗೊತ್ತಿತ್ತು. ಅವನು ಅವರನ್ನು ಅಡಿಯಿಂದ ಮುಡಿಯವರೆಗೆ ಕಡೆದಿದ್ದಾನೆ, ಹೆಜ್ಜೆಯ ಅಂತರ ಸಹಿತ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಮಹಾನವಮಿಯ ಕಾಳಗಗಳಲ್ಲಿ ಹಲ್ಲು ಮುರಿಯುವಷ್ಟು, ಕಣ್ಣು ಹೋಗುವಷ್ಟು ಬಿರುಸಾದ ಪೆಟ್ಟುಗಳು ಬೀಳುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಅಂಥ ಸೀಮೆಯಲ್ಲಿ ಹುಟ್ಟಿದವನು ಪರದೆಯ ಮೇಲೆ ಕಾಲು ಕಾಣಬೇಕೆಂದು ಹಟ ಹಿಡಿದರೆ ಅದು ಸಹಜವೇ.

ಮೊದಲ ಭಾನುವಾರ ನಾವು ಹಾಕಿಸಿದ್ದು 1978ರ ‘ದಿ ತರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’. ಶಾ ಬ್ರದರ್ಸ್ ಸಂಸ್ಥೆಯ ಚಿತ್ರ. ನಿರ್ದೇಶನ ಲಾವ್ ಕಾರ್-ಲಿಯಂಗ್, ನಾಯಕ ಗಾರ್ಡನ್ ಲಿಯು. ಆರಂಭವಾಗಿ ಐದು ನಿಮಿಷ ಕಳೆಯುವಷ್ಟರಲ್ಲಿ ನನಗೆ ಏನೋ ತಪ್ಪಾಗಿದೆ ಎನ್ನಿಸಿತು. ಇಬ್ಬರು ಎದುರುಬದುರು ನಿಂತಿದ್ದರೆ ಒಬ್ಬನ ಬೆನ್ನು ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತಿತ್ತು. ದೊಣ್ಣೆ ಬೀಸಿದರೆ ಅದರ ತುದಿ ಮಾಯವಾಗುತ್ತಿತ್ತು. ಈ ಚಿತ್ರ ಎತ್ತರಕ್ಕಿಂತ ಅಗಲ 2.35 ಪಟ್ಟು ಇರುವ ಶಾಸ್ಕೋಪ್ ಚೌಕಟ್ಟಿನದು. ಥಿಯೇಟರಿನ ಪರದೆ ಮಾತ್ರ ಈಗಿನ ಟಿವಿಗಳಂತೆ ಹದಿನಾರಕ್ಕೆ ಒಂಬತ್ತರ ಅಳತೆಯದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಗ್ರಾಹಕರು ಬೇಸರ ಮಾಡಿಕೊಳ್ಳುತ್ತಾರೆಂದು ಅವರು ಪ್ರೊಜೆಕ್ಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ ಇಟ್ಟಿದ್ದರು. ಹಾಗೆ ಮಾಡಿದಾಗ ಅಗಲದ ಸುಮಾರು ಕಾಲು ಭಾಗ ಎರಡೂ ಬದಿಗಳಿಂದ ಹೊರಗೆ ಬಿದ್ದುಹೋಗುತ್ತದೆ. ಪ್ರೇಮಕಥೆಯಲ್ಲಾದರೆ ಗೋಡೆಯೋ ಗಿಡವೋ ಹೋಗಬಹುದು. ಕುಂಗ್‌ಫು ಚಿತ್ರದಲ್ಲಿ ಹೋಗುವುದು ಎದುರಾಳಿ. ಮೇಲ್ವಿಚಾರಣೆಗಿದ್ದ ಹುಡುಗನನ್ನು ಕರೆದು ವಿವರಿಸಿದಾಗ ಅವನು ಒಂದಿಷ್ಟೂ ಮುಖ ಸಿಂಡರಿಸದೆ ರಿಮೋಟನ್ನು ನನ್ನ ಕೈಗೇ ಕೊಟ್ಟ. ಹಿಗ್ಗಿಸುವಿಕೆಯನ್ನು ತೆಗೆದ ಕೂಡಲೇ ಇಡೀ ಅಂಗಳ ತೆರೆದುಕೊಂಡಿತು, ಗೆಳೆಯರೆಲ್ಲ ಒಮ್ಮೆಗೇ ಸರಿದು ಕುಳಿತರು. ಮುಂದಿನ ವಾರ ಹೋದಾಗ ನಾವು ಕೇಳುವ ಮೊದಲೇ ಚೌಕಟ್ಟು ಸರಿಯಾಗಿತ್ತು. ಈ ಒಂದು ನಡೆಗಾಗಿಯೇ ನಾನು ಆ ಜಾಗಕ್ಕೆ ಹೆಚ್ಚಿನ ಅಂಕ ಕೊಡುತ್ತೇನೆ.

ಈ ಚಿತ್ರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಆ್ಯಕ್ಷನ್ ಎಂದರೆ ಸೇಡು ತೀರಿಸಿಕೊಳ್ಳುವ ಕಥೆ ಎಂದುಕೊಂಡವರಿಗೆ ಇದು ಬೇರೊಂದು ದಾರಿಯನ್ನು ತೋರಿಸುತ್ತದೆ. ಸೇಡು ಇದರಲ್ಲೂ ಇದೆ. ಆದರೆ ಚಿತ್ರದ ನಡುವಿನ ದೊಡ್ಡ ಭಾಗ ಪೂರ್ತಿ ಸಾಧನೆಗೆ ಮೀಸಲು. ಸಾನ್ ತೆ ಎಂಬ ಯುವಕ ಶಾವೊಲಿನ್ ಮಠಕ್ಕೆ ಬಂದು ನೇರವಾಗಿ ಅತ್ಯುನ್ನತ ಕೋಣೆಗೇ ನುಗ್ಗುತ್ತಾನೆ, ಅಲ್ಲಿಂದ ಹೊರದಬ್ಬಿಸಿಕೊಳ್ಳುತ್ತಾನೆ, ಕೊನೆಗೆ ಅತ್ಯಂತ ಕೆಳಗಿನ ಕೋಣೆಯಿಂದ ಶುರುಮಾಡುತ್ತಾನೆ. ಆ ಕೆಳಗಿನ ಪಾಠ ಏನೆಂದರೆ, ನೀರಿನಲ್ಲಿ ತೇಲುವ ಮರದ ತುಂಡುಗಳ ಮೇಲೆ ಹೆಜ್ಜೆಯಿಟ್ಟು ದಾಟಿ ಊಟದ ಮನೆ ಸೇರುವುದು. ಬಿದ್ದವನು ಒದ್ದೆ ಬಟ್ಟೆಯಲ್ಲಿ ಮತ್ತೆ ಮೊದಲಿನಿಂದ ಬರಬೇಕು. ಆಮೇಲೆ ತೋಳುಗಳಿಗೆ ಚೂರಿ ಕಟ್ಟಿಕೊಂಡು ಕೈಚಾಚಿ ನೀರಿನ ಕೊಡ ಹೊರುವುದು, ಕೈ ಇಳಿದರೆ ಚೂರಿ ಪಕ್ಕೆಗೇ ಚುಚ್ಚುವಂತೆ. ಭಾರ ಕಟ್ಟಿದ ಉದ್ದನೆಯ ಕೋಲನ್ನು ಮಣಿಕಟ್ಟಿನ ಬಲದಿಂದಲೇ ಎತ್ತಿ ಗಂಟೆ ಬಾರಿಸುವುದು. ಕೆಮ್ಮಣ್ಣಿನ ಅಖಾಡದಲ್ಲಿ ದಂಡ ಹೊಡೆದು, ಬೈಠಕ್ ತೆಗೆದು, ಭುಜ ಸೋಲುವವರೆಗೆ ಗದೆ ತಿರುಗಿಸಿದವರಿಗೆ ಇದು ಕಟ್ಟುಕಥೆ ಅನ್ನಿಸುವುದೇ ಇಲ್ಲ. ವಿದ್ಯೆ ಬರುವುದು ಮೈಯ ಮೂಲಕ ಎನ್ನುವುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ನಿರ್ದೇಶಕನಿಗೆ ಆ ತಾಳ್ಮೆ ಎಲ್ಲಿಂದ ಬಂತು ಎನ್ನುವುದೂ ತಿಳಿದಿರುವ ಸಂಗತಿಯೇ: ಲಾವ್ ಅವರ ತಂದೆ ಲಾಮ್ ಸಾಯ್-ವಿಂಗ್ ಅವರ ಶಿಷ್ಯರು, ಲಾಮ್ ಅವರು ದಕ್ಷಿಣ ಚೀನಾದ ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇ-ಹಂಗ್ ಅವರ ಶಿಷ್ಯರು. ಹೊಡೆದಾಟವನ್ನು ಸಂಯೋಜಿಸುವ ಕೆಲಸದಿಂದ ನಿರ್ದೇಶಕರಾದವರು ಅವರು. ಆದ್ದರಿಂದ ಅವರ ಕ್ಯಾಮೆರಾ ಹಿಂದೆ ಸರಿದು ನಿಂತು ಇಡೀ ದೇಹವನ್ನು ನೋಡುತ್ತದೆ, ಏಟು ಕೊಟ್ಟವನನ್ನೂ ತಿಂದವನನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತದೆ.

ನಮ್ಮ ಚಿತ್ರಗಳಲ್ಲಿ ನನಗೆ ಕೊರತೆಯಾಗಿ ಕಾಣುವುದೂ ಇದೇ. ‘ಕೆಜಿಎಫ್’ ಮೊದಲ ಭಾಗಕ್ಕೆ ಸಾಹಸ ಸಂಯೋಜನೆಯ ರಾಷ್ಟ್ರಪ್ರಶಸ್ತಿ ಬಂದಾಗ ನಾನೂ ಮನಸಾರೆ ಹಿಗ್ಗಿದವನೇ. ಆದರೂ ಅಲ್ಲಿ ಹೊಡೆದಾಟದ ಬಲ ಇರುವುದು ಸಂಕಲನದಲ್ಲಿ, ಹಿನ್ನೆಲೆ ಸಂಗೀತದಲ್ಲಿ, ಹೊಗೆ ಧೂಳಿನ ನಡುವೆ ನಾಯಕ ನಿಲ್ಲುವ ಭಂಗಿಯಲ್ಲಿ. ಆ ಬಲವೂ ಬಲವೇ. ಆದರೆ ಕನ್ನಡದ ಒಂದಾದರೂ ಚಿತ್ರ ಮೂವತ್ತು ಸೆಕೆಂಡು ಕತ್ತರಿಸದೆ ಇಬ್ಬರು ನುರಿತವರನ್ನು ಅಡಿಯಿಂದ ಮುಡಿಯವರೆಗೆ ತೋರಿಸಲಿ ಎನ್ನುವುದು ನನ್ನ ಬಹುದಿನದ ಆಸೆ.

ಎರಡನೆಯ ಭಾನುವಾರದ ‘ದಿ ರೇಡ್’ ಆ ಕೋಣೆಗೆ ಕಠಿಣ ಪರೀಕ್ಷೆ. ಗ್ಯಾರೆತ್ ಇವಾನ್ಸ್ ನಿರ್ದೇಶಿಸಿದ, 2011ರಲ್ಲಿ ಬಂದ ಈ ಚಿತ್ರದ ಬಹುಪಾಲು ಒಂದೇ ಬಹುಮಹಡಿ ಕಟ್ಟಡದ ಕತ್ತಲೆ ಓಣಿಗಳಲ್ಲಿ ನಡೆಯುತ್ತದೆ. ಕಪ್ಪು ಕಪ್ಪಾಗಿ ಕಾಣದಿದ್ದರೆ ಅಲ್ಲಿ ಉಳಿಯುವುದು ಬೂದು ಮಂಜು ಮಾತ್ರ. ಈ ಥಿಯೇಟರಿನ ಗೋಡೆಗಳು ಕೆನೆ ಬಣ್ಣದವು. ಪರದೆಯ ಬೆಳಕು ಅವಕ್ಕೆ ಬಡಿದು ಮತ್ತೆ ಪರದೆಗೇ ಮರಳುತ್ತದೆ. ಅದರ ಮೇಲೆ ಆ ಬಣ್ಣದ ದೀಪಗಳು. ದೀಪಗಳನ್ನು ಆರಿಸಿ, ಬಾಗಿಲಿನ ಗಾಜಿಗೆ ಬಟ್ಟೆ ಕಟ್ಟಿದ ಮೇಲೆ ಪರಿಸ್ಥಿತಿ ಅರ್ಧದಷ್ಟು ಸುಧಾರಿಸಿತು. ಗೋಡೆಗಳಿಗೆ ಗಾಢ ಬಣ್ಣ ಹಚ್ಚುವವರೆಗೆ ಉಳಿದರ್ಧ ಸುಧಾರಿಸುವುದಿಲ್ಲ. ಮಾಲೀಕರಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದೇನೆ. ಅಂತರ್ಜಾಲದ ವೇಗವೂ ಸಂಜೆಯ ಹೊತ್ತು ಕುಗ್ಗುತ್ತದೆ. ಆಗ ಕತ್ತಲೆಯ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಬೆಳಗಿನ ಹತ್ತರಿಂದ ಒಂದರ ಅವಧಿಯನ್ನೇ ಹಿಡಿಯಿರಿ ಎಂದು ನಾನು ಸಲಹೆ ಕೊಡುವುದು ಇದಕ್ಕಾಗಿಯೇ. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ಹವಾನಿಯಂತ್ರಣ ಯಂತ್ರ ಏದುಸಿರು ಬಿಡುವ ಸದ್ದು ಕೂಡ ಆ ಹೊತ್ತಿಗೆ ಇರುವುದಿಲ್ಲ.

ಧ್ವನಿಯ ವಿಷಯದಲ್ಲಿ ನನಗೆ ಹೆಚ್ಚಿನ ತಕರಾರಿಲ್ಲ. ಮೊದಲಿಗೆ ಮಂದ್ರದ ಸ್ಪೀಕರನ್ನು ಡಿಜೆ ಹಾಡಿಗೆ ಹೊಂದುವಂತೆ ಏರಿಸಿ ಇಟ್ಟಿದ್ದರಿಂದ ಪ್ರತಿ ಏಟೂ ಬಾಗಿಲು ಬಡಿದಂತೆ ಕೇಳುತ್ತಿತ್ತು. ಇಳಿಸಿದ ಮೇಲೆ ಮೊಣಕೈ ಏಟು ಬೇರೆ, ಅಂಗೈ ಏಟು ಬೇರೆ ಎಂದು ಕಿವಿಗೆ ತಿಳಿಯತೊಡಗಿತು. ಈ ಚಿತ್ರಕ್ಕೆ ಆ ವ್ಯತ್ಯಾಸ ಬಹಳ ಮುಖ್ಯ. ಇಲ್ಲಿರುವ ಪೆಂಚಾಕ್ ಸಿಲಾತ್ ಇಂಡೋನೇಷ್ಯಾದ ಸ್ವಂತ ಸಮರಕಲೆ. ನಾಯಕ ಇಕೊ ಉವೈಸ್ ಮತ್ತು ಖಳನ ಪಾತ್ರದ ಯಯಾನ್ ರುಹಿಯಾನ್ ಇಬ್ಬರೂ ಅದನ್ನು ಕಲಿತು ಬಂದವರು, ಹೊಡೆದಾಟಗಳನ್ನು ಸಂಯೋಜಿಸಿದವರೂ ಅವರೇ. ಕೈಯಲ್ಲಿ ಪಿಸ್ತೂಲಿದ್ದರೂ ಅದನ್ನು ಬದಿಗಿಟ್ಟು ಬರಿಗೈಯಲ್ಲಿ ಕಾದಾಡುವ ಮ್ಯಾಡ್ ಡಾಗ್ ಪಾತ್ರದಲ್ಲಿ ಯಯಾನ್ ಅವರನ್ನು ನೋಡಿದವರು ಮರೆಯಲಾರರು. ಗಿಡ್ಡ ಆಳು, ಸಪೂರ ಮೈ. ಕೊನೆಯಲ್ಲಿ ನಾಯಕನೂ ಅವನ ಒಡಹುಟ್ಟಿದವನೂ ಒಟ್ಟಾಗಿ ಮೇಲೆ ಬಿದ್ದರೂ ಸುಲಭಕ್ಕೆ ಬಗ್ಗುವುದಿಲ್ಲ. ಗಾತ್ರವೇ ಬಲವಲ್ಲ ಎಂದು ಉಸ್ತಾದರು ಹೇಳುತ್ತಿದ್ದುದು ಕಣ್ಣಮುಂದೆ ನಡೆದಂತಿತ್ತು. ಕ್ಯಾಮೆರಾ ಇಲ್ಲಿ ಹತ್ತಿರವಿದೆ, ಅಲ್ಲಾಡುತ್ತದೆ ಕೂಡ. ಆದರೂ ಯಾರು ಎಲ್ಲಿದ್ದಾರೆ ಎನ್ನುವುದು ಒಂದು ಕ್ಷಣವೂ ಕಳೆದುಹೋಗುವುದಿಲ್ಲ, ಏಕೆಂದರೆ ಅದು ಬಿದ್ದವನ ಜೊತೆ ಬೀಳುತ್ತದೆ, ತಿರುಗಿದವನ ಜೊತೆ ತಿರುಗುತ್ತದೆ. ರಕ್ತಪಾತ ಮಾತ್ರ ಮಿತಿಮೀರಿದೆ; ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ಚಿತ್ರವಲ್ಲ.

ಮೂರನೆಯ ಭಾನುವಾರದ ಅನಿಮೆಗಾಗಿ ನಾನು ವಾರವಿಡೀ ಕಾದಿದ್ದೆ. ಆ ಕೋಣೆಯ ಅತಿದೊಡ್ಡ ದೋಷ ಸಿಕ್ಕಿದ್ದೂ ಅಂದೇ. ಹಿಂದಿನ ಎರಡು ವಾರ ಅದು ನಮ್ಮ ಕಣ್ಣಿಗೆ ಬೀಳದೆ ಉಳಿದಿತ್ತು. ಪ್ರೊಜೆಕ್ಟರಿನಲ್ಲಿ ಚಲನೆಯನ್ನು ನಯಗೊಳಿಸುವ ವ್ಯವಸ್ಥೆ, ಅಂದರೆ ಮೋಷನ್ ಸ್ಮೂದಿಂಗ್, ಚಾಲೂ ಆಗಿತ್ತು. ಇದೇಕೆ ಇಷ್ಟು ದೊಡ್ಡ ವಿಷಯ ಎಂದು ಕೇಳುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಅನಿಮೆಯಲ್ಲಿ ಅಷ್ಟೂ ಚೌಕಟ್ಟುಗಳಿಗೆ ಬೇರೆ ಬೇರೆ ಚಿತ್ರ ಬರೆಯುವುದಿಲ್ಲ. ಒಂದು ಚಿತ್ರವನ್ನು ಎರಡು ಚೌಕಟ್ಟುಗಳ ಕಾಲ ಹಿಡಿದರೆ ಸೆಕೆಂಡಿಗೆ 12 ಚಿತ್ರ, ಮೂರು ಚೌಕಟ್ಟುಗಳ ಕಾಲ ಹಿಡಿದರೆ 8 ಚಿತ್ರ. ಇದು ಮೊದಲಿಗೆ ಖರ್ಚು ಉಳಿಸುವ ದಾರಿಯಾಗಿತ್ತು ಎನ್ನುವುದು ನಿಜ. ಆದರೆ ಜಪಾನಿನ ಚಿತ್ರಕಾರರು ಅದನ್ನೇ ಒಂದು ಲಯವನ್ನಾಗಿ ಮಾಡಿಕೊಂಡರು. ಕತ್ತಿ ಎತ್ತಿದವನು ಒಂದು ಗಳಿಗೆ ತಡೆದು ನಿಲ್ಲುತ್ತಾನೆ, ಒಂದೇ ಚಿತ್ರ ಹಾಗೇ ಉಳಿಯುತ್ತದೆ. ಮರುಕ್ಷಣ ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ನುಗ್ಗಿ ಬರುತ್ತದೆ. ಏಟು ತಾಗುವ ಕ್ಷಣದಲ್ಲಿ ಒಂದೋ ಎರಡೋ ಚೌಕಟ್ಟುಗಳ ಕಾಲ ಪರದೆ ಬರೀ ಕಪ್ಪುಬಿಳುಪಾಗಿ ಮಿಂಚಿ ಹೋಗುತ್ತದೆ. ನೋಡುವವನ ಎದೆಗೆ ಏಟು ತಾಗುವುದು ಈ ತಡೆ ಮತ್ತು ನುಗ್ಗುವಿಕೆಯ ಅಂತರದಿಂದ. ತಬಲದವನು ಮುಕ್ತಾಯಕ್ಕೆ ಮುಂಚೆ ಅರೆಗಳಿಗೆ ಕೈ ತಡೆಯುತ್ತಾನಲ್ಲ, ಅದೇ ಬಗೆ. ನಯಗೊಳಿಸುವ ಯಂತ್ರಕ್ಕೆ ಇದು ಅರ್ಥವಾಗುವುದಿಲ್ಲ. ಎರಡು ಚಿತ್ರಗಳ ನಡುವೆ ತಾನೇ ಊಹಿಸಿದ ಸುಳ್ಳು ಚಿತ್ರಗಳನ್ನು ತುಂಬಿ, ತಡೆಯನ್ನು ಅಳಿಸಿ, ಎಲ್ಲವನ್ನೂ ಎಣ್ಣೆ ಸವರಿದಂತೆ ಜಾರಿಸಿಬಿಡುತ್ತದೆ. ಕಲಾವಿದ ತಿಂಗಳುಗಟ್ಟಲೆ ಕುಳಿತು ಬರೆದ ಏಟು ತೂಕ ಕಳೆದುಕೊಂಡು ಗಾಳಿಯಲ್ಲಿ ಈಜುತ್ತದೆ. ನನಗೆ ನಿಜವಾಗಿಯೂ ಸಂಕಟವಾಯಿತು. ಅದನ್ನು ಆರಿಸುವ ಜಾಗ ಹುಡುಕಲು ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷವನ್ನು ಮಾಲೀಕರು ನಮ್ಮ ಅವಧಿಗೆ ಸೇರಿಸಿ ಕೊಟ್ಟರು.

ಆಮೇಲೆ ನೋಡಿದ್ದು 2007ರ ‘ಸ್ವೋರ್ಡ್ ಆಫ್ ದಿ ಸ್ಟ್ರೇಂಜರ್’. ಬೋನ್ಸ್ ಸ್ಟುಡಿಯೊ ತಯಾರಿಸಿ, ಮಸಾಹಿರೊ ಆಂಡೊ ನಿರ್ದೇಶಿಸಿದ ಚಿತ್ರ. ಹೆಸರಿಲ್ಲದ ಒಬ್ಬ ಅಲೆಮಾರಿ ಖಡ್ಗಧಾರಿ, ಒಬ್ಬ ಅನಾಥ ಹುಡುಗ, ಒಂದು ನಾಯಿ. ಇನ್ನೆಂದೂ ಕತ್ತಿ ಹಿರಿಯುವುದಿಲ್ಲ ಎಂದು ಒರೆಗೆ ಕಟ್ಟು ಬಿಗಿದಿಟ್ಟ ಮನುಷ್ಯ ಕೊನೆಯಲ್ಲಿ ಆ ಕಟ್ಟನ್ನು ಬಿಚ್ಚುತ್ತಾನೆ. ಕಥೆಯ ಎಲುಬು ಇಷ್ಟೇ. ಹಿಮ ಬೀಳುವಾಗ ನಡೆಯುವ ಕೊನೆಯ ಕಾಳಗವನ್ನು ಬರೆದವರಲ್ಲಿ ಪ್ರಮುಖರು ಯುತಾಕಾ ನಾಕಾಮುರಾ. ಅನಿಮೆ ಬಲ್ಲವರು ಇಂಥ ಕೆಲಸವನ್ನು ಸಾಕುಗಾ ಎಂದು ಕರೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಪಾದಗಳನ್ನು. ಇಬ್ಬರೂ ಹಾರುತ್ತಾರೆ, ಜಾರುತ್ತಾರೆ, ಆದರೆ ಪ್ರತಿ ಸಲ ನೆಲ ಮುಟ್ಟಿದಾಗಲೂ ಮಂಡಿ ಬಾಗಿ ತೂಕ ಇಳಿಯುತ್ತದೆ. ಮೈಯಿಲ್ಲದ ಗೆರೆಗಳಿಗೆ ತೂಕ ತರುವುದು ನಟನಿಗಿಂತ ಚಿತ್ರಕಾರನಿಗೆ ಎಷ್ಟೋ ಪಟ್ಟು ಕಷ್ಟ. ಶಾವೊಲಿನ್ ಚಿತ್ರದ ತೇಲುವ ಮರದ ತುಂಡುಗಳ ಮೇಲೆ ಕಲಿತ ಪಾಠವನ್ನೇ ಇಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ ಅನ್ನಿಸಿತು. ಕಾಳಗದ ನಡುವೆಯೇ ವಿದ್ಯುತ್ ಹೋಯಿತು. ಜನರೇಟರ್ ಹತ್ತಲು ಎರಡು ನಿಮಿಷ, ಪ್ರೊಜೆಕ್ಟರ್ ಮತ್ತೆ ಬಿಸಿಯಾಗಲು ಇನ್ನೆರಡು ನಿಮಿಷ. ಆ ನಾಲ್ಕು ನಿಮಿಷ ಕತ್ತಲೆಯಲ್ಲಿ ಯಾರೂ ಮಾತಾಡಲಿಲ್ಲ. ಪ್ರೊಜೆಕ್ಟರಿಗೊಂದು ಯುಪಿಎಸ್ ಇಟ್ಟರೆ ಈ ತೊಂದರೆ ತಪ್ಪುತ್ತದೆ.

ಉಳಿದ ಸಮಯದಲ್ಲಿ ‘ನರುಟೊ’ ಸರಣಿಯಿಂದ ರಾಕ್ ಲೀ ಮತ್ತು ಗಾರಾ ಕಾಳಗದ ಕಂತುಗಳನ್ನು ಹಾಕಿಸಿದೆವು. ಮಾಯಾವಿದ್ಯೆ ಒಲಿಯದ, ಬರಿಯ ದೇಹಬಲದ ಸಾಧನೆಯಿಂದ ನಿಂಜಾ ಆಗಲು ಹೊರಟ ಹುಡುಗ ರಾಕ್ ಲೀ. ಹೆಸರಿನಿಂದ ಹಿಡಿದು ಹೊಡೆಯುವ ಶೈಲಿಯವರೆಗೆ ಬ್ರೂಸ್ ಲೀಗೆ ಸಲ್ಲಿಸಿದ ನಮನ ಅವನು. ಕಾಲಿಗೆ ಕಟ್ಟಿಕೊಂಡಿದ್ದ ತೂಕದ ಪಟ್ಟಿಗಳನ್ನು ಅವನು ಬಿಚ್ಚಿ ಎಸೆದಾಗ ಅವು ನೆಲಕ್ಕೆ ಬಿದ್ದು ಧೂಳಿನ ಮೋಡವೇ ಏಳುತ್ತದೆ. ಅಲ್ಲಿಯವರೆಗೆ ಅವನು ಆ ಭಾರ ಹೊತ್ತೇ ಹೋರಾಡುತ್ತಿದ್ದ ಎಂದು ಎಲ್ಲರಿಗೂ ತಿಳಿಯುವುದು ಆಗಲೇ. ಶಾಲೆಯ ದಿನಗಳಲ್ಲಿ ಇದನ್ನು ಪುಟ್ಟ ಟಿವಿಯಲ್ಲಿ ನೋಡಿದ್ದೆ. ದೊಡ್ಡ ಪರದೆಯಲ್ಲಿ ಆ ಧೂಳು ಎದ್ದಾಗ ಮೈ ನವಿರೇಳಿತು. ಕೈಕಾಲು ನುಚ್ಚುನೂರಾಗಿ, ಪ್ರಜ್ಞೆಯೂ ಇಲ್ಲದೆ, ಆದರೂ ಎದ್ದು ನಿಲ್ಲುವ ಆ ಹುಡುಗನನ್ನು ನೋಡಿ ನಮ್ಮಲ್ಲೊಬ್ಬ, ಜೀನ್ಸ್ ಹೊಲಿಗೆ ಘಟಕದಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು, ಕಣ್ಣೊರೆಸಿಕೊಂಡ. ಅನಿಮೆಯ ಕಾಳಗಗಳಲ್ಲಿ ಮಾತು ಹೆಚ್ಚು, ನಡುನಡುವೆ ಹಳೆಯ ನೆನಪುಗಳು ಬಂದು ಹೊಡೆದಾಟ ನಿಂತುಬಿಡುತ್ತದೆ ಎಂದು ದೂರುವವರಿದ್ದಾರೆ. ಸಿನಿಮಾದ ಅಳತೆಯಲ್ಲಿ ಆ ದೂರು ಸರಿ. ಆದರೆ ಬಯಲಾಟದಲ್ಲಿ ಯುದ್ಧಕ್ಕೆ ನಿಂತ ವೀರರು ಬಾಣ ಬಿಡುವ ಮೊದಲು ಸವಾಲು ಜವಾಬಿನ ಪದ ಹಾಡುವುದನ್ನು ರಾತ್ರಿಯಿಡೀ ಕುಳಿತು ಕೇಳಿದ ನಾಡು ನಮ್ಮದು. ನನಗೆ ಆ ಮಾತುಗಳು ಭಾರ ಎನ್ನಿಸಿಲ್ಲ. ಸಾಧಾರಣ ಕಂತುಗಳಲ್ಲಿ ಮಾತಿನಿಂದ ಹೊತ್ತು ತಳ್ಳುವುದು ಮಾತ್ರ ನನಗೂ ಸಹಿಸುವುದಿಲ್ಲ.

ಭಾಷೆಯ ಕೊರತೆ ಥಿಯೇಟರಿನದಲ್ಲ, ಆದರೂ ನೋಡುವವರಿಗೆ ತಾಗುತ್ತದೆ. ನಾವು ನೋಡಿದ ಒಂದಕ್ಕೂ ಕನ್ನಡದ ಧ್ವನಿಯಿರಲಿಲ್ಲ, ಕನ್ನಡದ ಅಡಿಬರಹವೂ ಇರಲಿಲ್ಲ. ಆಂಧ್ರದ ಗಡಿಯ ಊರಾದ್ದರಿಂದ ನಮ್ಮಲ್ಲಿ ಮೂವರಿಗೆ ತೆಲುಗು ನೀರು ಕುಡಿದಷ್ಟು ಸುಲಭ, ತೆಲುಗು ಡಬ್ಬಿಂಗ್ ಇರುವ ಅನಿಮೆಗಳನ್ನು ಅವರು ಹಾಗೆಯೇ ನೋಡುತ್ತಾರೆ. ಉಳಿದವರು ಇಂಗ್ಲಿಷ್ ಅಡಿಬರಹ ಓದಬೇಕಾಯಿತು. ಓದುವ ಕಣ್ಣು ಕಾಲನ್ನು ನೋಡಲಾರದು. ಅಕ್ಷರಗಳು ಬೀಳುವುದೂ ಸರಿಯಾಗಿ ಪಾದಗಳ ಮೇಲೆಯೇ. ಅಗಲ ಚೌಕಟ್ಟಿನ ಚಿತ್ರಗಳಲ್ಲಿ ಅಡಿಬರಹವನ್ನು ಕೆಳಗಿನ ಕಪ್ಪು ಪಟ್ಟಿಗೆ ಇಳಿಸಲು ಬರುವ ಪ್ಲೇಯರ್ ಇಟ್ಟುಕೊಂಡರೆ ಈ ಥಿಯೇಟರಿನವರು ಇನ್ನೊಂದು ಹೆಜ್ಜೆ ಮುಂದೆ ಹೋದಂತಾಗುತ್ತದೆ.

ಇತರ ವಿಷಯಗಳು ಬೇಗ ಮುಗಿಯುತ್ತವೆ. ಆಸನಗಳು ಮೆತ್ತಗಿವೆ, ಬೆನ್ನಿಗೆ ಆಧಾರವಿದೆ. ಮುಂದಿನ ಸಾಲು ಪರದೆಗೆ ತೀರ ಹತ್ತಿರ, ಎರಡನೆಯ ಸಾಲಿನ ನಡುವಿನ ಎರಡು ಆಸನಗಳೇ ಉತ್ತಮ. ಶೌಚಾಲಯ ಮೂರು ವಾರವೂ ಸ್ವಚ್ಛವಾಗಿತ್ತು. ತಿನ್ನಲು ಅವರದೇ ಪಾಪ್‌ಕಾರ್ನ್ ಇದೆ, ಸಾಧಾರಣ. ಹೊರಗಿನ ತಿಂಡಿಗೆ ಅಡ್ಡಿ ಹೇಳುವುದಿಲ್ಲವಾದ್ದರಿಂದ ನಾವು ಕೆಳಗಿನಿಂದ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಚಿತ್ರವನ್ನು ಅವರು ಒದಗಿಸುವುದಿಲ್ಲ. ನಿಮ್ಮದೇ ಚಂದಾ ಖಾತೆಯಿಂದ ಹಾಕಿಕೊಳ್ಳಬೇಕು, ಮುಗಿದ ಮೇಲೆ ಖಾತೆಯಿಂದ ಹೊರಬರುವುದನ್ನು ಮರೆಯಬಾರದು. ಲಿಫ್ಟ್ ಇಲ್ಲ.

ಐದಕ್ಕೆ ನಾನು ಕೊಡುವುದು ಮೂರೂವರೆ. ಗೋಡೆಯ ಬಣ್ಣ ಬದಲಾಗಿ, ಯುಪಿಎಸ್ ಬಂದರೆ ನಾಲ್ಕೂವರೆ ಕೊಡಲು ಸಿದ್ಧನಿದ್ದೇನೆ. ಹೋಗುವವರು ಅವಧಿಯ ಮೊದಲ ಹತ್ತು ನಿಮಿಷವನ್ನು ಚಿತ್ರಕ್ಕೆ ಕೊಡದೆ ರಿಮೋಟಿಗೆ ಕೊಡಬೇಕು: ಹಿಗ್ಗಿಸುವಿಕೆ ತೆಗೆಯಿರಿ, ಚಲನೆ ನಯಗೊಳಿಸುವಿಕೆ ಆರಿಸಿ, ಮಂದ್ರ ಇಳಿಸಿ, ಬಣ್ಣದ ದೀಪ ನಂದಿಸಿ. ಕೇಳಿದರೆ ಆ ಹುಡುಗನೇ ಈಗ ಎಲ್ಲವನ್ನೂ ಮಾಡಿಕೊಡುತ್ತಾನೆ. ನಾವು ಮುಂದಿನ ತಿಂಗಳಿನ ಎರಡನೆಯ ಭಾನುವಾರಕ್ಕೆ ಮತ್ತೆ ಅದೇ ಶಾವೊಲಿನ್ ಚಿತ್ರಕ್ಕೆಂದು ಬೆಳಗಿನ ಅವಧಿಯನ್ನು ಕಾಯ್ದಿರಿಸಿದ್ದೇವೆ, ಏಕೆಂದರೆ ಈ ಸಲ ಉಸ್ತಾದರು ಬರಲು ಒಪ್ಪಿದ್ದಾರೆ. ಎಂಬತ್ತು ದಾಟಿದ ಅವರು ಎರಡು ಮಹಡಿ ಹತ್ತಬೇಕಾದ್ದರಿಂದ ನಡುವಿನ ಮೆಟ್ಟಿಲುಕಟ್ಟೆಯಲ್ಲಿ ಒಂದು ಕುರ್ಚಿ ಹಾಕಿಸಿರುತ್ತೇನೆ ಎಂದು ಮಾಲೀಕರು ಮಾತು ಕೊಟ್ಟಿದ್ದಾರೆ. ಎರಡನೆಯ ಸಾಲಿನ ನಡುವಿನ ಆಸನವನ್ನು ಅವರಿಗೆಂದು ಈಗಲೇ ಹೇಳಿಟ್ಟಿದ್ದೇವೆ.